ಏರ್ ಪಿಸ್ತೂಲಿನ ಬಿಡಿಭಾಗ ಬೇಗ ಸವೆದರೆ: ಮಲೆನಾಡಿನಲ್ಲಿ ಪರೀಕ್ಷೆ, ಜೋಪಾನ ಮತ್ತು ವಾರಂಟಿ ರಿಪೇರಿ

ಹೊಸ ಏರ್ ಪಿಸ್ತೂಲು ವರ್ಷ ತುಂಬುವ ಮೊದಲೇ ಗಾಳಿ ಬಿಡುತ್ತಿದ್ದರೆ, ಟ್ರಿಗರ್ ಹಿಡಿತ ತಪ್ಪುತ್ತಿದ್ದರೆ, ಮೊದಲು ಮಾಡಬೇಕಾದ ಕೆಲಸ ಸ್ಕ್ರೂಡ್ರೈವರನ್ನು ದೂರ ಇಡುವುದು. ದೋಷ ಯಾವ ಭಾಗದ್ದು ಎಂದು ಅಳತೆ ಸಮೇತ ಬರೆದಿಟ್ಟುಕೊಳ್ಳದೆ ಬಿಚ್ಚಿದರೆ ದೋಷದ ಗುರುತೂ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ. ತಯಾರಕರು ಎಷ್ಟೋ ಸ್ಕ್ರೂಗಳ ತಲೆಗೆ ಕೆಂಪು ಅಥವಾ ಹಳದಿ ಬಣ್ಣದ ಬೊಟ್ಟು ಇಟ್ಟಿರುತ್ತಾರೆ. ಅದು ಒಡೆದಿದ್ದರೆ ಸರ್ವಿಸ್‌ನವರು ಮುಂದಿನ ಮಾತನ್ನೇ ಕೇಳುವುದಿಲ್ಲ.

ಇಲ್ಲಿ ಹೇಳುತ್ತಿರುವುದು 10 ಮೀಟರ್ ಸ್ಪರ್ಧೆಯ, 4.5 ಮಿ.ಮೀ. ಪೆಲೆಟ್ (ಸೀಸದ ಪುಟ್ಟ ಗುಂಡು) ಹಾರಿಸುವ, ಸಿಲಿಂಡರಿನ ಒತ್ತಿದ ಗಾಳಿಯಿಂದ ನಡೆಯುವ ಪಿಸ್ತೂಲಿನ ವಿಷಯ. ಕಾಡತೂಸಿನ ಪಿಸ್ತೂಲಾದರೆ ದಾರಿಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದನ್ನು ರಿಪೇರಿ ಮಾಡುವವರಿಗೂ ಲೈಸೆನ್ಸ್ ಇರಬೇಕು. ಊರಿನ ಲೇತ್ ಅಂಗಡಿಗೆ ಒಯ್ಯಬೇಡಿ. ಲೈಸೆನ್ಸ್ ಪುಸ್ತಕದೊಂದಿಗೆ ಅಧಿಕೃತ ಡೀಲರ್ ಬಳಿಗೇ ಹೋಗಿ.

ಗಾಳಿ ಸೋರುತ್ತಿದೆಯೇ?

ಸಂಜೆ ಸಿಲಿಂಡರ್ ತುಂಬಿದ ಮೇಲೆ ಅರ್ಧ ಗಂಟೆ ತಣಿಯಲು ಬಿಡಿ. ತುಂಬುವಾಗ ಸಿಲಿಂಡರ್ ಬಿಸಿಯಾಗಿರುತ್ತದೆ, ಆಗ ಒತ್ತಡ ಮಾಪಕದ ಮುಳ್ಳು ಹೆಚ್ಚು ತೋರಿಸುತ್ತದೆ. ತಣಿದ ಮೇಲೆ ಮಾಪಕದ ಫೋಟೊ ತೆಗೆದು, ಕೋಣೆಯ ಉಷ್ಣತೆಯನ್ನೂ ಬರೆದುಕೊಳ್ಳಿ. ಮೊದಲ ರಾತ್ರಿ ಸಿಲಿಂಡರನ್ನು ಪಿಸ್ತೂಲಿನಿಂದ ಬಿಚ್ಚಿಡಿ, ಎರಡನೇ ರಾತ್ರಿ ಕೂರಿಸಿಡಿ. ಬಿಚ್ಚಿಟ್ಟಾಗಲೂ ಇಳಿದರೆ ದೋಷ ಸಿಲಿಂಡರಿನ ವಾಲ್ವಿನಲ್ಲೋ ಮಾಪಕದ ಬುಡದಲ್ಲೋ ಇದೆ. ಕೂರಿಸಿಟ್ಟಾಗ ಮಾತ್ರ ಇಳಿದರೆ ಜೋಡಣೆಯ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ), ರೆಗ್ಯುಲೇಟರ್ (ಒತ್ತಡವನ್ನು ಇಳಿಸಿ ಒಂದೇ ಸಮ ಇಡುವ ಭಾಗ) ಅಥವಾ ಫೈರಿಂಗ್ ವಾಲ್ವಿನ (ಹೊಡೆಯುವಾಗ ಗಾಳಿ ಬಿಡುವ ವಾಲ್ವ್) ಕಡೆ ನೋಡಬೇಕು. ಈ ಎರಡು ರಾತ್ರಿಯ ಪರೀಕ್ಷೆ ಸರ್ವಿಸ್‌ನವರ ಜೊತೆಗಿನ ಅರ್ಧ ವಾದವನ್ನು ಮುಗಿಸಿಬಿಡುತ್ತದೆ.

ಉಷ್ಣತೆ ಬರೆದುಕೊಳ್ಳಲು ಹೇಳಿದ್ದಕ್ಕೆ ಕಾರಣ ಇದೆ. 30 ಡಿಗ್ರಿಯ ಸಂಜೆ 200 ಬಾರ್ (ಒತ್ತಡದ ಅಳತೆ) ಇದ್ದದ್ದು 20 ಡಿಗ್ರಿಯ ಬೆಳಗಿನ ಜಾವ ಏನೂ ಸೋರದೆಯೇ ಸುಮಾರು 193 ಬಾರ್ ತೋರಿಸುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಚಳಿಗಾಲದಲ್ಲಿ ಇನ್ನೂ ಕೆಳಗೆ ಹೋದೀತು. ಬೆಳಿಗ್ಗೆ ಮುಳ್ಳು ಇಳಿದಿದೆಯೆಂದು ಗಾಬರಿಯಾಗಿ ವಾಲ್ವ್ ಬಿಚ್ಚಬೇಡಿ. ಅದೇ ಉಷ್ಣತೆಗೆ ಬಂದ ಮೇಲೆ ಮತ್ತೊಮ್ಮೆ ನೋಡಿ.

ಬಿಚ್ಚಿಟ್ಟ ಸಿಲಿಂಡರಿನ ಬಾಯಿಗೆ ಸೋಪಿನ ನೀರಿನ ಒಂದು ಹನಿ ಬಿಟ್ಟರೆ ಸಣ್ಣ ಸೋರಿಕೆಯೂ ಗುಳ್ಳೆಯಾಗಿ ಕಾಣುತ್ತದೆ. ನೋಡಿದ ಕೂಡಲೇ ಒರೆಸಿ ಒಣಗಿಸಿ. ಪಿಸ್ತೂಲಿನ ಮೈಗೆ ಈ ನೀರು ತಾಗಬಾರದು.

ಪೆಲೆಟ್ ಕೂರಿಸುವ ಜಾಗದ ಬ್ರೀಚ್ ಸೀಲ್ ಸವೆದಿದೆಯೇ ಎಂದು ತಿಳಿಯಲು ತೆಳುವಾದ ಟಿಶ್ಯೂ ಕಾಗದದ ಒಂದು ಪಟ್ಟಿ ಸಾಕು. ಬ್ರೀಚಿನ ಸಂದಿಯ ಮೇಲೆ ಅದನ್ನು ಇಟ್ಟು, ಬೆರಳು ದೂರ ಇಟ್ಟುಕೊಂಡು, ಪೆಲೆಟ್ ಟ್ರ್ಯಾಪಿನೊಳಕ್ಕೆ (ಹಾರಿದ ಪೆಲೆಟನ್ನು ತಡೆದು ಹಿಡಿಯುವ ಪೆಟ್ಟಿಗೆ) ಒಂದು ಹೊಡೆತ ಹೊಡೆಯಿರಿ. ಕಾಗದ ಪಟಪಟನೆ ಎದ್ದರೆ ಸೀಲ್ ಹೋಗಿದೆ.

ಗುರಿ ಇಳಿದರೆಲ್ಲ ಸವೆತವಲ್ಲ

ಸ್ಪರ್ಧೆಯ ಏರ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ವೇಗ ಸೆಕೆಂಡಿಗೆ 10 ಮೀಟರಿನಷ್ಟು ಕುಗ್ಗಿದರೂ 10 ಮೀಟರ್ ದೂರದ ಗುರಿಹಲಗೆಯಲ್ಲಿ ಹೊಡೆತ ಕೆಳಗೆ ಜಾರುವುದು 3–4 ಮಿ.ಮೀ. ಅಷ್ಟೇ. ಗುರಿಹಲಗೆಯ ಹತ್ತರ ವೃತ್ತದ ಅಗಲವೇ 11.5 ಮಿ.ಮೀ. ಹಾಗಾಗಿ ಹೊಡೆತಗಳು 2 ಸೆಂ.ಮೀ. ಮೇಲೆ ಕೆಳಗೆ ಚದುರುತ್ತಿದ್ದರೆ ಅದನ್ನು ಸೀಲಿನ ತಲೆಗೆ ಕಟ್ಟಬೇಡಿ. ಗುರಿ ನೋಡುವ ಸೈಟಿನ ಸ್ಕ್ರೂ, ಹಿಡಿಯ ಸ್ಕ್ರೂ ಸಡಿಲವಾಗಿವೆಯೇ ನೋಡಿ. ಬ್ಯಾರೆಲ್ ಸವೆದಿದೆ ಎಂಬ ತೀರ್ಮಾನವಂತೂ ಬಹುತೇಕ ತಪ್ಪೇ ಆಗಿರುತ್ತದೆ. ಸೀಸದ ಮೆತ್ತನೆಯ ಪೆಲೆಟ್ ಉಕ್ಕಿನ ಬ್ಯಾರೆಲನ್ನು ಒಂದೆರಡು ವರ್ಷದಲ್ಲಿ ಸವೆಸುವುದಿಲ್ಲ. ಅದನ್ನು ಹಾಳುಮಾಡುವುದು ತುಕ್ಕು ಮತ್ತು ಬಾಯಿಯ ಕಡೆಯಿಂದ ತುರುಕಿದ ಲೋಹದ ಸಲಾಕೆ.

ವೇಗ ಅಳೆಯುವ ಕ್ರೋನೋಗ್ರಾಫ್ ಶೂಟಿಂಗ್ ರೇಂಜಿನಲ್ಲಿ ಸಿಕ್ಕರೆ ಒಂದೇ ಡಬ್ಬಿಯ ಪೆಲೆಟಿನಿಂದ 10 ಹೊಡೆತ ಹೊಡೆದು ಎಲ್ಲವನ್ನೂ ಬರೆಯಿರಿ. 10 ನಿಮಿಷ ಸುಮ್ಮನಿಟ್ಟು ಮತ್ತೆ 5 ಹೊಡೆಯಿರಿ. ಪ್ರತಿ ಸಲ ಬಿಡುವಿನ ನಂತರದ ಮೊದಲ ಹೊಡೆತ ಮಾತ್ರ ಜೋರಾಗಿದ್ದರೆ ರೆಗ್ಯುಲೇಟರ್ ಒತ್ತಡವನ್ನು ತಡೆದು ಹಿಡಿಯುತ್ತಿಲ್ಲ ಎಂದರ್ಥ. ರೆಗ್ಯುಲೇಟರನ್ನು ಮನೆಯಲ್ಲಿ ಬಿಚ್ಚುವ ಯೋಚನೆಯೇ ಬೇಡ, ಅದು ನೇರ ವಾರಂಟಿಗೆ ಹೋಗಬೇಕಾದ ಭಾಗ.

ಟ್ರಿಗರ್ ಎಳೆತಕ್ಕೆ ಅಂತರರಾಷ್ಟ್ರೀಯ ನಿಯಮದ ಕನಿಷ್ಠ ತೂಕ 500 ಗ್ರಾಂ. ಪೆಲೆಟ್ ಹಾಕದೆ, ಬ್ಯಾರೆಲ್ ನೆಟ್ಟಗೆ ಮೇಲ್ಮುಖವಾಗಿಟ್ಟು, 500 ಗ್ರಾಂ ತೂಕದ ಬಟ್ಟನ್ನು ಟ್ರಿಗರಿಗೆ ಸಿಕ್ಕಿಸಿ ಮೆಲ್ಲಗೆ ಎತ್ತಿ. ಹಿಂದೆ ತಡೆದದ್ದು ಈಗ ಬಿಟ್ಟುಹೋದರೆ ಒಂದೋ ತೂಕದ ಸ್ಕ್ರೂ ಜಾರಿದೆ, ಇಲ್ಲವೇ ಸಿಯರಿನ (ಟ್ರಿಗರ್ ಎಳೆಯುವ ತನಕ ಹೊಡೆತವನ್ನು ತಡೆದಿಡುವ ಕೊಕ್ಕೆ) ಅಂಚು ಸವೆದಿದೆ. ಕೈಪಿಡಿಯಲ್ಲಿ ಹೇಳಿದ ಸ್ಕ್ರೂ ಒಂದನ್ನೇ ಕಾಲು ಸುತ್ತಿನಷ್ಟು ತಿರುಗಿಸಿ ಮತ್ತೆ ತೂಗಿ. ಎರಡೇ ದಿನದಲ್ಲಿ ಪುನಃ ಜಾರಿದರೆ ನಿಲ್ಲಿಸಿ. ಎಳೆತ ಇನ್ನಷ್ಟು ಹಗುರಾಗಲೆಂದು ಸಿಯರಿನ ಹಿಡಿತವನ್ನು ಕೂದಲೆಳೆಗೆ ಇಳಿಸುವ ಚಟವೇ ಟ್ರಿಗರ್ ಬೇಗ ಸವೆಯಲು ದೊಡ್ಡ ಕಾರಣ. ಅಂಥ ಪಿಸ್ತೂಲು ಮೇಜಿಗೆ ತಗುಲಿದರೂ ಹಾರಬಹುದು.

ಬೇಗ ಸವೆಯುವುದೇಕೆ?

ನಮ್ಮ ಕಡೆ ಮೊದಲ ಶತ್ರು ನೀರು. ಆರಿದ್ರಾ ಹಿಡಿದರೆ ಆಶ್ಲೇಷದ ತನಕ ಗಾಳಿಯೇ ಒದ್ದೆ. ಕೈಪಂಪಿನಲ್ಲಿ ಸಿಲಿಂಡರ್ ತುಂಬುವವರು ಆ ಗಾಳಿಯನ್ನೇ ಒತ್ತುತ್ತಾರೆ. 100 ಮಿ.ಲೀ. ಸಿಲಿಂಡರಿಗೆ 200 ಬಾರ್ ತುಂಬಬೇಕಾದರೆ ಸುಮಾರು 20 ಲೀಟರ್ ಗಾಳಿ ಬೇಕು. 25 ಡಿಗ್ರಿಯ ಮಳೆಗಾಲದ ತೇವ ತುಂಬಿದ ಗಾಳಿಯಾದರೆ ಅದರಲ್ಲಿ ಅರ್ಧ ಗ್ರಾಮಿನ ಹತ್ತಿರ ನೀರಿರುತ್ತದೆ. ಪಂಪಿನ ಬುಡದಲ್ಲಿ ಒಂದಷ್ಟು ನಿಂತರೂ ಉಳಿದದ್ದು ಒಳಗೆ ಹೋಗಿ ವಾಲ್ವಿನ ಸ್ಪ್ರಿಂಗ್, ರೆಗ್ಯುಲೇಟರಿನ ಬಿಲ್ಲೆ ಎಲ್ಲಕ್ಕೂ ತುಕ್ಕು ಹಿಡಿಸುತ್ತದೆ. ಗಾಳಿ ಎಳೆದುಕೊಳ್ಳುವ ಕಡೆ ಸಿಲಿಕಾ ಜೆಲ್ ಫಿಲ್ಟರ್ ಹಾಕಿ. 50 ಒತ್ತಿಗೊಮ್ಮೆ 5 ನಿಮಿಷ ಪಂಪ್ ತಣಿಸಿ, ಬ್ಲೀಡ್ ಸ್ಕ್ರೂ ತೆರೆದು ನೀರು ಹೊರಗೆ ಬಿಡಿ. ಸಾಧ್ಯವಿದ್ದರೆ ಒಣಗಾಳಿ ತುಂಬಿದ ದೊಡ್ಡ ಡೈವಿಂಗ್ ಸಿಲಿಂಡರಿನಿಂದ ತುಂಬಿಸಿಕೊಳ್ಳುವುದೇ ಒಳ್ಳೆಯದು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಮಾತ್ರ ಎಂದೂ ತುಂಬಬೇಡಿ, ಸಿಡಿದು ಪ್ರಾಣ ಹೋಗುತ್ತದೆ.

ಎರಡನೆಯದು ಎಣ್ಣೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಗಾಡಿಯ ಗ್ರೀಸ್ ಯಾವುದೂ ಗಾಳಿ ಹಾಯುವ ಜಾಗಕ್ಕೆ ಹೋಗಕೂಡದು. ಒತ್ತಡ ಒಮ್ಮೆಗೇ ಏರಿದಾಗ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಅದು ಹೊತ್ತಿಕೊಳ್ಳಬಹುದು. ಓ-ರಿಂಗಿಗೆ ಶುದ್ಧ ಸಿಲಿಕೋನ್ ಗ್ರೀಸ್, ಅದೂ ಬೆರಳಿನಲ್ಲಿ ಉಜ್ಜಿದರೆ ಹೊಳಪು ಮಾತ್ರ ಉಳಿಯುವಷ್ಟು. ಪೆಟ್ರೋಲ್, ಥಿನ್ನರ್, ಕಾರ್ಬ್ಯುರೇಟರ್ ಕ್ಲೀನರ್ ತಾಗಿದ ಸೀಲ್ ಉಬ್ಬುತ್ತದೆ ಅಥವಾ ಬಿರಿಯುತ್ತದೆ.

ಇಡುವ ಜಾಗವೂ ಮುಖ್ಯ. ಫೋಮಿನ ಪೆಟ್ಟಿಗೆ ತೇವವನ್ನು ಹೀರಿಕೊಂಡು ಲೋಹಕ್ಕೇ ಒತ್ತಿ ಹಿಡಿಯುತ್ತದೆ. ಆಗುಂಬೆ, ಮಾಸ್ತಿಕಟ್ಟೆಯಂಥ ಕಡೆ ಒಂದು ವಾರ ತೆರೆಯದಿದ್ದರೆ ಹಿಡಿಯ ಮರಕ್ಕೆ ಬೂಷ್ಟು ಬಂದಿರುತ್ತದೆ. ಬೆಚ್ಚಗಿರುತ್ತದೆಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆಯ ಆಮ್ಲವೂ ತುಕ್ಕು ತರಿಸುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಗ್ರಾಂ ಬಣ್ಣ ಬದಲಾಗುವ ಸಿಲಿಕಾ ಜೆಲ್ ಇಟ್ಟು, ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಕಪಾಟಿನಲ್ಲಿಡಿ. ಪೆಲೆಟ್‌ಗಳ ಮೇಲೆ ಬಿಳಿ ಪುಡಿ ಕಂಡರೆ ಅದು ಸೀಸದ ತುಕ್ಕು, ವಿಷ. ಆ ಡಬ್ಬಿಯನ್ನು ಬಳಸಬೇಡಿ, ಕೈ ತೊಳೆಯಿರಿ.

ಸೀಲಿಗೆ ವಾರಂಟಿ ಇಲ್ಲ ಎಂದರೆ

ಓ-ರಿಂಗ್, ಸೀಲ್‌ಗಳು ಸವೆಯುವ ಸಾಮಾನು, ಅವಕ್ಕೆ ವಾರಂಟಿ ಇಲ್ಲ ಎಂಬ ಉತ್ತರ ಸಾಮಾನ್ಯ. ಒಂದು ಸೀಲಿನ ಮಟ್ಟಿಗೆ ಅದು ನ್ಯಾಯವೇ. ಆದರೆ ಹೊಸ ಸೀಲ್ ಹಾಕಿದ ಕೆಲವೇ ವಾರಗಳಲ್ಲಿ ಮತ್ತೆ ಮತ್ತೆ ಹೋಗುತ್ತಿದ್ದರೆ ದೋಷ ಸೀಲಿನದ್ದಲ್ಲ, ಅದು ಕೂರಲು ಲೋಹದಲ್ಲಿ ಕೊರೆದ ತೋಡಿನದ್ದು. ತೆಗೆದ ಓ-ರಿಂಗನ್ನು ಎಸೆಯದೆ ಬಿಳಿ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಸುತ್ತಲೂ ಒಂದೇ ಸಮ ಚಪ್ಪಟೆಯಾಗಿದ್ದರೆ ಮಾಮೂಲು ಸವೆತ. ಒಂದೇ ಜಾಗದಲ್ಲಿ ಬ್ಲೇಡಿನಲ್ಲಿ ಕೊಯ್ದ ಹಾಗೆ ಗೀರಿದ್ದರೆ, ಮುಂದಿನ ರಿಂಗಿನಲ್ಲೂ ಅಂಥದ್ದೇ ಗೀರಿದ್ದರೆ, ತೋಡಿನ ಅಂಚಿನಲ್ಲಿ ಲೋಹದ ಮುಳ್ಳು ಉಳಿದಿದೆ. ಇದು ತಯಾರಿಕೆಯ ದೋಷ. ಹಳೆಯ ರಿಂಗುಗಳನ್ನು ತಾರೀಖು ಬರೆದ ಪುಟ್ಟ ಪೊಟ್ಟಣಗಳಲ್ಲಿ ಇಡಿ, ತೋಡಿನ ಫೋಟೊ ತೆಗೆಯಿರಿ, ಆ ಭಾಗವನ್ನೇ ಬದಲಿಸಿಕೊಡಲು ಕೇಳಿ. ಬೇರಿಂಗ್ ಮತ್ತು ಆಯಿಲ್ ಸೀಲ್ ಅಂಗಡಿಯ ರಿಂಗ್ ಅಳತೆಗೆ ಕೂತರೂ ಗಡಸುತನ ಬೇರೆ ಇರಬಹುದು. ವಾರಂಟಿ ಇರುವಷ್ಟು ದಿನ ತಯಾರಕರ ಸೀಲನ್ನೇ ಹಾಕಿ, ರಸೀದಿ ಇಟ್ಟುಕೊಳ್ಳಿ.

ಅರ್ಜಿಯನ್ನು ಫೋನಿನಲ್ಲಿ ಮುಗಿಸಬೇಡಿ, ಇಮೇಲ್ ಬರೆಯಿರಿ. ಕೊಂಡ ಬಿಲ್ಲು, ಸೀರಿಯಲ್ ನಂಬರ್, ಸಿಲಿಂಡರಿನ ಮೇಲೆ ಕೊರೆದ ತಯಾರಿಕೆಯ ದಿನಾಂಕ, ಹೊಡೆದ ಹೊಡೆತಗಳ ಅಂದಾಜು, ಯಾವ ಗಾಳಿ ಯಾವ ಗ್ರೀಸ್, ಎರಡು ರಾತ್ರಿಯ ಮಾಪಕದ ಫೋಟೊ, ಕ್ರೋನೋಗ್ರಾಫಿನ ಅಂಕಿಗಳು, ಒಂದು ನಿಮಿಷ ಮೀರದ ವಿಡಿಯೊ ಅದರ ಜೊತೆಗಿರಲಿ. ಸಿಲಿಂಡರಿಗೆ 10 ವರ್ಷ ದಾಟಿದ್ದರೆ ಸ್ಪರ್ಧೆಗೂ ಬಾರದು, ರಿಪೇರಿಗೂ ಕೊಡಬೇಡಿ, ಹೊಸದು ಕೊಳ್ಳಿ. ಕಂಪನಿಯಿಂದ ನೇರವಾಗಿ ಆಮದು ಮಾಡಿಸಿಕೊಂಡ ಪಿಸ್ತೂಲಾದರೆ ವಾರಂಟಿ ವಿದೇಶದ ಮಾರಾಟಗಾರರ ಜೊತೆ ಇರುತ್ತದೆ. ಗಡಿ ದಾಟಿಸುವ ಮೊದಲು ಕಸ್ಟಮ್ಸ್ ಕಾಗದಗಳ ಬಗ್ಗೆ ಲಿಖಿತ ಉತ್ತರ ಪಡೆಯಿರಿ.

ಕಳಿಸುವಾಗ ಸಿಲಿಂಡರಿನ ಗಾಳಿಯನ್ನು ಅದರ ಬ್ಲೀಡ್ ಸಾಧನದಿಂದಲೇ ಪೂರ್ತಿ ಬಿಡಿ, ಮೊಳೆ ಒತ್ತಿ ಬಿಡಬೇಡಿ. ಬಿಚ್ಚಿ ಬೇರೆ ಸುತ್ತಿ. ಪೆಲೆಟ್ ಒಂದೂ ಪೆಟ್ಟಿಗೆಯಲ್ಲಿರಬಾರದು. ಏರ್ ಪಿಸ್ತೂಲನ್ನು ತೆಗೆದುಕೊಳ್ಳದ ಕೊರಿಯರ್‌ಗಳಿವೆ, ಮೊದಲೇ ಕೇಳಿ ವಿಮೆ ಮಾಡಿಸಿ. ಸರ್ವಿಸ್ ಬೆಂಗಳೂರಿನಲ್ಲಿದ್ದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬಿಲ್ಲಿನ ಪ್ರತಿಯೊಂದಿಗೆ ನೀವೇ ಒಯ್ಯುವುದು ಎಲ್ಲಕ್ಕಿಂತ ವಾಸಿ. ಜಾಬ್ ಶೀಟಿನಲ್ಲಿ ಸೀರಿಯಲ್ ನಂಬರ್ ಬರೆಸಿ, ತೆಗೆದ ಹಳೆಯ ಭಾಗ ವಾಪಸ್ ಬೇಕೆಂದೂ ಬರೆಸಿ.

ಉತ್ತರವೇ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂದರೆ ಅಂಗಡಿ ದೆಹಲಿಯಲ್ಲಿದ್ದರೂ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ ಸಾಕು. ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ.

ಪಿಸ್ತೂಲು ವಾಪಸ್ ಬಂದ ದಿನವೇ ಸೀರಿಯಲ್ ನಂಬರ್ ತಾಳೆ ನೋಡಿ, ಎರಡು ರಾತ್ರಿಯ ಪರೀಕ್ಷೆ, ಟಿಶ್ಯೂ ಪಟ್ಟಿ, 500 ಗ್ರಾಂ ಬಟ್ಟು, 10 ಹೊಡೆತಗಳ ವೇಗ ಎಲ್ಲವನ್ನೂ ಮತ್ತೆ ಮಾಡಿ. ಅದೇ ದೋಷ ಉಳಿದಿದ್ದರೆ ಹಳೆಯ ಮತ್ತು ಹೊಸ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಅದೇ ಇಮೇಲಿಗೆ ಉತ್ತರವಾಗಿ ಕಳಿಸಿ, ಹೊಸ ದೂರೆಂದು ದಾಖಲಿಸಲು ಬಿಡಬೇಡಿ.