ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಬಸುರಿಯನ್ನು ಕುಡಿತದ ಬಗ್ಗೆ ಕೇಳುವುದು ಹೇಗೆ?

ಮೂಡಿಗೆರೆ ಸುತ್ತಿನ ಕಾಫಿ ತೋಟಗಳಿಗೆ ಹೊಸದಾಗಿ ಬರುವ ಆಶಾ ಕಾರ್ಯಕರ್ತೆಯರಿಗೆ ನರ್ಸ್ ಆಗಿ ನಾನು ಮೊದಲು ಹೇಳುವುದಿಷ್ಟು: ತಾಯಿ ಕಾರ್ಡ್ ಹಿಡಿದುಕೊಂಡು "ಕುಡಿಯುತ್ತೀಯಾ?" ಎಂದು ಕೇಳಬೇಡಿ. ಅತ್ತೆ ಬಾಗಿಲಲ್ಲಿ ನಿಂತಿದ್ದರೆ ಉತ್ತರ "ಇಲ್ಲ" ಎಂದೇ ಬರುತ್ತದೆ. ಬಿ.ಪಿ. ನೋಡುವ ನೆಪದಲ್ಲಿ ಅವಳೊಬ್ಬಳನ್ನೇ ಒಳಗೆ ಕೂರಿಸಿಕೊಳ್ಳಿ. "ಮಳೆಯಲ್ಲಿ ನೆನೆದು ಬಂದಾಗ ಚಳಿಗೆ, ಮೈಕೈ ನೋವಿಗೆ ಏನು ತೆಗೆದುಕೊಳ್ಳುತ್ತಿದ್ದೆ ತಂಗಿ? ಮುಟ್ಟು ನಿಂತದ್ದು ಗೊತ್ತಾಗುವ ಮೊದಲು?" ಎಂದು ಕೇಳಿ. ಮದ್ಯದ ಪ್ಯಾಕೆಟ್‌ನ ಮಾತು ತಾನಾಗಿಯೇ ಬರುತ್ತದೆ.

"ಸ್ವಲ್ಪ" ಎಂಬ ಉತ್ತರವನ್ನು ಬರೆದುಕೊಂಡು ಪ್ರಯೋಜನವಿಲ್ಲ. ಎಷ್ಟು ಪ್ಯಾಕೆಟ್, ವಾರಕ್ಕೆ ಎಷ್ಟು ಸಲ ಎಂದು ಕೇಳಿ. 90 ಎಂ.ಎಲ್. ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ ಮದ್ಯಸಾರವಿರುತ್ತದೆ, 650 ಎಂ.ಎಲ್. ಸಾದಾ ಬಿಯರ್ ಬಾಟಲಿಯಲ್ಲಿ ಸುಮಾರು 25 ಗ್ರಾಂ, ಸ್ಟ್ರಾಂಗ್ ಬಿಯರ್ ಆದರೆ ಇನ್ನೂ ಹೆಚ್ಚು. "ಬಿಯರ್ ತಂಪು, ಏನೂ ಆಗುವುದಿಲ್ಲ" ಎನ್ನುವವರಿಗೆ ಈ ಲೆಕ್ಕ ತೋರಿಸಿ. ಬಂಗಲೆಯಲ್ಲೂ ಇದೇ ಪ್ರಶ್ನೆ ಕೇಳಿ. ಮಾಲೀಕರ ಸೊಸೆಯ ಮುಂದೆ ನಮ್ಮವರ ಬಾಯಿ ಕಟ್ಟಿಹೋಗುತ್ತದೆ. ಮನೆಯಲ್ಲೇ ಮಾಡಿದ ವೈನ್ ಅವರಿಗೆ ಹಣ್ಣಿನ ರಸವಿದ್ದಂತೆ. ಆಯುರ್ವೇದದ ಔಷಧಿಗಳಾದ ಅರಿಷ್ಟಗಳಲ್ಲೂ ಮದ್ಯಸಾರವಿರುತ್ತದೆ, ವೈದ್ಯರನ್ನು ಕೇಳದೆ ಬೇಡ.

ಕಾರಣ ಕೇಳಿದರೆ ಹೀಗೆ ಹೇಳಿ: ತಾಯಿ ಕುಡಿದದ್ದು ಮಾಸನ್ನು ದಾಟಿ ಮಗುವಿನ ರಕ್ತ ಸೇರುತ್ತದೆ. ಅದನ್ನು ಕರಗಿಸುವಷ್ಟು ಮಗುವಿನ ಯಕೃತ್ತು ಬಲಿತಿರುವುದಿಲ್ಲ. ಮಿದುಳು ಒಂಬತ್ತು ತಿಂಗಳೂ ಬೆಳೆಯುವುದರಿಂದ ಕುಡಿಯಬಹುದಾದ ತಿಂಗಳೆಂಬುದಿಲ್ಲ, ಕುಡಿಯಬಹುದಾದ ಅಳತೆಯೂ ಇಲ್ಲ. ಕುಡಿದ ತಾಯಂದಿರ ಮಕ್ಕಳಲ್ಲಿ ತೆಳ್ಳಗಿನ ಮೇಲ್ತುಟಿ, ಮೂಗಿನ ಕೆಳಗಿನ ತಗ್ಗು ಮಾಯವಾಗಿರುವುದು ಮುಂತಾದ ಲಕ್ಷಣಗಳನ್ನು ಗುರುತಿಸಿ ಸಿಯಾಟಲ್‌ನ ವೈದ್ಯರು 1973ರಲ್ಲಿ ಈ ತೊಂದರೆಗೆ ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಆದರೆ ಹೆಚ್ಚಿನ ಮಕ್ಕಳ ಮುಖದಲ್ಲಿ ಏನೂ ಕಾಣುವುದಿಲ್ಲ. ನಿನ್ನೆ ಒಪ್ಪಿಸಿದ ಮಗ್ಗಿ ಇಂದು ಮರೆತಿರುತ್ತದೆ, ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದು ತಪ್ಪುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಶಾಲೆಯಲ್ಲಿ ಅಂಥ ಮಗುವಿಗೆ ಸಿಗುವುದು ಏಟು.

ಮೊದಲ ತಿಂಗಳುಗಳಲ್ಲಿ ಕುಡಿದಿದ್ದೆ ಎಂದು ಅತ್ತರೆ ಹೆದರಿಸಬೇಡಿ. ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಒಳ್ಳೆಯದೇ. ದಿನವೂ ಹೆಚ್ಚು ಕುಡಿಯುವವಳಿಗೆ ಮಾತ್ರ "ಇವತ್ತೇ ಬಿಡು" ಎಂದು ಹೇಳಿ ಬರಬೇಡಿ. ಕೈ ನಡುಕ, ಬೆವರು ಶುರುವಾಗಿ ಫಿಟ್ಸ್ ಬರಬಹುದು. ವೈದ್ಯರ ಬಳಿಗೆ ಕರೆದೊಯ್ಯಿರಿ. ಮಾತಾಡಿ ಧೈರ್ಯ ತುಂಬಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ. ಗಂಡನಿಗೆ ಒಂದೇ ಮಾತು: ಮನೆಗೆ ಪ್ಯಾಕೆಟ್ ತರಬೇಡ.

ಹುಟ್ಟಿದ ಮಗುವಿಗೆ ಮಾತು, ನಡಿಗೆ ತಡವಾದರೆ ಅಂಗನವಾಡಿಗೆ ಬರುವ ಮಕ್ಕಳ ತಪಾಸಣಾ ತಂಡಕ್ಕೆ ತೋರಿಸಿ. ಕುಡಿತದ ವಿಷಯವನ್ನು ತಾಯಿಯ ಒಪ್ಪಿಗೆ ಪಡೆದು ವೈದ್ಯರಿಗೆ ಹೇಳಿ, ಅದೂ ಬೇರೆ ತಾಯಂದಿರ ಕಿವಿಗೆ ಬೀಳದ ಹಾಗೆ.