ಜತನದಿಂದ ಇಟ್ಟುಕೊಂಡ ಸ್ಪೋರ್ಟ್ಸ್ ಸೆಡಾನ್ ಮಾರುವುದು ಹೇಗೆ?

ತುಮಕೂರಿನಲ್ಲಿ ಹಳೆಯ ಕಾರುಗಳ ವ್ಯಾಪಾರಿಯೊಬ್ಬರ ಮುಂದೆ ನಿಮ್ಮ ಗಾಡಿ ನಿಲ್ಲಿಸಿ ಬೆಲೆ ಕೇಳಿದರೆ, ಅವರು ಬಾನೆಟ್ ತೆರೆಯುವ ಮೊದಲೇ ಮೂರು ಪ್ರಶ್ನೆ ಕೇಳುತ್ತಾರೆ: ಯಾವ ವರ್ಷದ್ದು, ಎಷ್ಟು ಓಡಿದೆ, ಎಷ್ಟನೇ ಓನರ್. ದಿನಬಳಕೆಯ ಕಾರಿಗೆ ಈ ಮೂರೇ ಸಾಕು. ಆದರೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫಿಯೆಟ್ ಲಿನಿಯಾ ಟಿ-ಜೆಟ್ ಅಥವಾ ಮೊದಲ ತಲೆಮಾರಿನ ಹೋಂಡಾ ಸಿಟಿ ವಿಟೆಕ್‌ನಂಥ ಕಾರನ್ನು ವರ್ಷಗಟ್ಟಲೆ ಜೋಪಾನ ಮಾಡಿದವರಿಗೆ ಈ ಪ್ರಶ್ನೆಗಳಿಂದ ನ್ಯಾಯ ಸಿಗುವುದಿಲ್ಲ. ಇಂಥ ಕಾರಿಗೆ ಗಿರಾಕಿಗಳು ಕಡಿಮೆ. ಬರುವ ನಾಲ್ಕೈದು ಮಂದಿಗೆ ಗಾಡಿಯ ವಿಷಯ ಕೆಲವೊಮ್ಮೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ನಿಮ್ಮ ಮಾತಿಗೆ ಹಣ ಕೊಡುವುದಿಲ್ಲ, ನೀವು ಇಟ್ಟಿರುವ ದಾಖಲೆಗೆ ಕೊಡುತ್ತಾರೆ. ಆದ್ದರಿಂದ ಮಾರಾಟದ ಕೆಲಸ ಜಾಹೀರಾತಿನಿಂದಲ್ಲ, ಕಡತದಿಂದ ಆರಂಭವಾಗಬೇಕು.

ಮೊದಲು ಕಡತ

ಮನೆಯಲ್ಲಿರುವ ಸರ್ವಿಸ್ ಬಿಲ್ಲುಗಳನ್ನೆಲ್ಲ ಒಂದೆಡೆ ತಂದು ದಿನಾಂಕದ ಕ್ರಮದಲ್ಲಿ ಜೋಡಿಸಿ. ಪ್ರತಿ ಬಿಲ್ಲಿನ ಮೇಲೂ ಅಂದಿನ ಓಡೋಮೀಟರ್ ಅಂಕಿ ಇರುತ್ತದೆ. ಆ ಅಂಕಿಗಳು ಸಮನಾಗಿ ಏರುತ್ತ ಹೋಗಿದ್ದರೆ ಮೀಟರ್ ತಿರುಗಿಸಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ಹೊರಗಿನ ಮೆಕ್ಯಾನಿಕ್ ಬಳಿ ಕೆಲಸ ಮಾಡಿಸಿದ್ದರೆ ಬಿಲ್ಲು ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಆಗ ಬಿಡಿಭಾಗ ಕೊಂಡ ರಸೀದಿ, ಆಯಿಲ್ ಡಬ್ಬಿಯ ಫೋಟೊ, ಹಣ ಕಳುಹಿಸಿದ ಯುಪಿಐ ದಾಖಲೆ ಇವನ್ನಾದರೂ ಮುದ್ರಿಸಿ ಸೇರಿಸಬೇಕು.

ಕಡತದ ಮೊದಲ ಹಾಳೆಯಲ್ಲಿ ದೊಡ್ಡ ಕೆಲಸಗಳನ್ನಷ್ಟೇ ಬರೆಯಿರಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಎಷ್ಟು ಕಿಲೋಮೀಟರಿಗೆ ಬದಲಿಸಿದ್ದೀರಿ, ಜೊತೆಗೆ ವಾಟರ್ ಪಂಪ್ ಬದಲಿಸಿದ್ದೀರೋ ಇಲ್ಲವೋ ಎಂಬುದು ಬಲ್ಲವರು ಕೇಳುವ ಮೊದಲ ಪ್ರಶ್ನೆ, ಏಕೆಂದರೆ ಇಂಥ ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಡೀ ಹೆಡ್ ಬಿಚ್ಚುವ ಖರ್ಚು ಬರುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನ ಆರು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದರೆ 60,000 ಕಿಲೋಮೀಟರಿಗೊಮ್ಮೆ ಗೇರ್ ಆಯಿಲ್ ಮತ್ತು ಫಿಲ್ಟರ್ ಬದಲಾಗಿರಬೇಕು. ಬದಲಿಸಿಲ್ಲವಾದರೆ ಈಗ ಬದಲಿಸಿ ಬಿಲ್ಲು ಇಡುವುದು, ಬೆಲೆಯಲ್ಲಿ ಜಗ್ಗಾಡುವುದಕ್ಕಿಂತ ಅಗ್ಗ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಬರೆದಿಡಿ. 2322 ಎಂದಿದ್ದರೆ ಅದು 2022ರ 23ನೇ ವಾರದಲ್ಲಿ ತಯಾರಾದ ಟೈರ್ ಎಂದರ್ಥ. ಟೈರಿನ ಗುಂಡಿ (ಟ್ರೆಡ್) ಎಷ್ಟೇ ಆಳವಾಗಿರಲಿ, ರಬ್ಬರ್ ಹಳೆಯದಾಗಿದ್ದರೆ ತಿಳಿದವನು ನಾಲ್ಕು ಹೊಸ ಟೈರಿನ ಬೆಲೆಯನ್ನು ಮನಸ್ಸಿನಲ್ಲೇ ಕಳೆದುಕೊಂಡಿರುತ್ತಾನೆ.

ಇದರ ನಂತರ ಸರ್ಕಾರಿ ಕಾಗದಗಳು. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಗಾಡಿಯ ಮೇಲಿನ 17 ಅಕ್ಷರಾಂಕಗಳೊಂದಿಗೆ ತಾಳೆಯಾಗುತ್ತದೆಯೇ ಎಂದು ನೀವೇ ಒಮ್ಮೆ ನೋಡಿ. ಕಾರಿನ ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವುದುಂಟು. ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಪಡೆದು ಅದನ್ನು ತೆಗೆಸದ ಹೊರತು ಹೆಸರು ವರ್ಗಾವಣೆ ಮುಂದೆ ಸಾಗದು. ಸಂಚಾರ ದಂಡ ಬಾಕಿ ಇದ್ದರೆ ಕಟ್ಟಿ. ವಿಮೆ ಮತ್ತು ಎಮಿಷನ್ ಪ್ರಮಾಣಪತ್ರ ಚಾಲ್ತಿಯಲ್ಲಿರಲಿ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಯಾದರೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಿರಬೇಕು. 15 ವರ್ಷ ತುಂಬಿದ್ದರೆ ನೋಂದಣಿ ನವೀಕರಿಸಿಯೇ ಮಾರಾಟಕ್ಕಿಡುವುದು ಒಳ್ಳೆಯದು.

ಸೇರಿಸಿದ್ದನ್ನು ಬಿಚ್ಚಿಡಿ

ಉತ್ಸಾಹಿಗಳಿಗೆ ಇಷ್ಟವಾಗದ ಮಾತೊಂದಿದೆ: ಮಾಡಿಫಿಕೇಷನ್‌ಗೆ ಸುರಿದ ಹಣ ವಾಪಸು ಬರುವುದಿಲ್ಲ. ರೀಮ್ಯಾಪ್ ಮಾಡಿಸಿದ (ತಂತ್ರಾಂಶ ಬದಲಿಸಿದ) ಇಸಿಯು ಎಂಬ ಎಂಜಿನ್ ಕಂಪ್ಯೂಟರ್, ಬದಲಿಸಿದ ಎಕ್ಸಾಸ್ಟ್, ತಗ್ಗಿಸಿದ ಸ್ಪ್ರಿಂಗ್ ನಿಮಗೆ ಹಬ್ಬದೂಟವಾದರೂ, ಕೊಳ್ಳುವವರಿಗೆ ಅವು ಗಾಡಿಯನ್ನು ಎಷ್ಟು ದಂಡಿಸಿರಬಹುದು ಎಂಬ ಸಂಶಯದ ಸಾಕ್ಷಿಗಳು. ಕಾನೂನಿನ ತೊಡಕೂ ಇದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅಟ್ಟದ ಮೇಲಿರುವ ಮೂಲ ಭಾಗಗಳನ್ನು ಇಳಿಸಿ ಮತ್ತೆ ಜೋಡಿಸಿ, ತೆಗೆದದ್ದನ್ನು ಪ್ರತ್ಯೇಕವಾಗಿ ಮಾರಿ. ರೀಮ್ಯಾಪ್ ತೆಗೆಸಿದ್ದರೂ ಅದು ಹಿಂದೆ ಇತ್ತು ಎಂಬುದನ್ನು ಮಾತ್ರ ಮುಚ್ಚಿಡಬೇಡಿ.

ಬೆಲೆ ಮತ್ತು ಕಾಲ

ಬೆಲೆ ನಿರ್ಧರಿಸಲು ವಿಮೆಯ ಐಡಿವಿಯನ್ನು (ಪಾಲಿಸಿಯಲ್ಲಿ ಗಾಡಿಗೆ ನಮೂದಿಸಿದ ಮೌಲ್ಯ) ನೆಚ್ಚಬೇಡಿ. ಐದು ವರ್ಷ ತುಂಬುವವರೆಗೆ ಅದು ಸವಕಳಿಯ ಕೋಷ್ಟಕದಂತೆ ಇಳಿಯುತ್ತ ಹೋಗಿ ಐದನೇ ವರ್ಷಕ್ಕೆ ಅರ್ಧಕ್ಕೆ ಬಂದು ನಿಲ್ಲುತ್ತದೆ, ಆ ಬಳಿಕ ಕಂಪನಿ ಮತ್ತು ಮಾಲೀಕರ ನಡುವಿನ ಒಪ್ಪಂದದ ಅಂಕಿಯಾಗುತ್ತದೆ. ಆರೈಕೆಗೆ ಅಲ್ಲಿ ಲೆಕ್ಕವಿಲ್ಲ. ಅದೇ ಮಾದರಿಯ ಗಾಡಿಗಳಿಗೆ ಬೆಂಗಳೂರಿನಲ್ಲಿ ಕೇಳುತ್ತಿರುವ ಬೆಲೆಗಳನ್ನು ಒಂದು ತಿಂಗಳು ಗಮನಿಸಿ; ವಾರದೊಳಗೆ ಮಾಯವಾದ ಜಾಹೀರಾತಿನ ಬೆಲೆ ನಿಜಕ್ಕೆ ಹತ್ತಿರ, ತಿಂಗಳಾದರೂ ಕದಲದ್ದು ಬರೀ ಆಸೆ. 2020ರಲ್ಲಿ ಭಾರತಕ್ಕೆ 200 ಮಾತ್ರ ಬಂದ ಆಕ್ಟೇವಿಯಾ ಆರ್‌ಎಸ್ 245ರಂಥ ಕಾರಿನ ಮಾಲೀಕರು ಕಾಯಬಹುದು. ಉಳಿದವರು ಕ್ಯಾಲೆಂಡರ್ ನೋಡಬೇಕು. ಆಷಾಢದಲ್ಲಿ ಗಾಡಿ ನೋಡಲು ಬಂದವರೂ ಅಡ್ವಾನ್ಸ್ ಕೊಡಲು ಹಿಂಜರಿಯುತ್ತಾರೆ. ಆಯುಧಪೂಜೆಗೆ ಮುಂಚಿನ ವಾರಗಳಲ್ಲಿ ಅದೇ ಜನ ಅವಸರದಲ್ಲಿರುತ್ತಾರೆ. ಡಿಸೆಂಬರ್ ದಾಟಿದರೆ ಗಾಡಿಗೆ ಒಂದು ವಯಸ್ಸು ಹೆಚ್ಚಾಯಿತೆಂದು ಚೌಕಾಸಿ ಮಾಡುತ್ತಾರೆ.

ಜಾಹೀರಾತಿನಲ್ಲಿ ಹೊಗಳಿಕೆ ಬೇಡ. ತಯಾರಾದ ತಿಂಗಳು, ಓಡಿದ ದೂರ, ಆಗಿರುವ ದೊಡ್ಡ ಕೆಲಸಗಳು, ಇರುವ ಕುಂದುಗಳು, ಮಾರುತ್ತಿರುವ ಕಾರಣ, ಬೆಲೆ ಇಷ್ಟಿದ್ದರೆ ಸಾಕು. ಬಂಪರ್ ಗೀರು, ಹಂಪ್‌ಗೆ ತಗುಲಿ ತರಚಿದ ತಳಭಾಗ, ಮತ್ತೆ ಬಣ್ಣ ಹೊಡೆಸಿದ ಡೋರ್ ಇವುಗಳ ಫೋಟೊವನ್ನು ನೀವೇ ಹಾಕಿ. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಬರುವ ಗಿರಾಕಿಗಳಿದ್ದಾರೆ, ಟಿಂಕರಿಂಗ್ ಆದ ಜಾಗ ಅವರ ಮುಂದೆ ಅಡಗುವುದಿಲ್ಲ. ನೀವೇ ಮೊದಲು ಹೇಳಿದರೆ ಅದೊಂದು ಮಾಹಿತಿ, ಅವರೇ ಕಂಡುಹಿಡಿದರೆ ಹತ್ತು ಸಾವಿರ ಕಡಿಮೆ.

ನೋಡಲು ಬಂದವರು

ಬೆಳಿಗ್ಗೆಯೇ ಬರಲು ಹೇಳಿ, ಅವರು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ. ತಣ್ಣಗಿರುವ ಎಂಜಿನ್ ಹೊಗೆ, ಸದ್ದು, ನಡುಕ ಯಾವುದನ್ನೂ ಬಚ್ಚಿಡುವುದಿಲ್ಲ. ಬಿಸಿ ಬಾನೆಟ್ ಮುಟ್ಟಿದ ಜಾಣನಿಗೆ ಅನುಮಾನ ಹುಟ್ಟುತ್ತದೆ. ಬಂದವರ ಚಾಲನಾ ಪರವಾನಗಿ ನೋಡಿ, ಅದರ ಫೋಟೊ ತೆಗೆದುಕೊಂಡು, ಮೊದಲು ನೀವೇ ಓಡಿಸಿ, ಆಮೇಲೆ ಪಕ್ಕದಲ್ಲಿ ಕುಳಿತು ಅವರಿಗೆ ಕೊಡಿ. ಕ್ಯಾತ್ಸಂದ್ರದ ಕಡೆಯಿಂದ ಹೆದ್ದಾರಿ ಸೇರುವ ದಾರಿ ನನಗೆ ಅನುಕೂಲವಾಗಿತ್ತು: ಊರೊಳಗಿನ ಹಂಪ್‌ಗಳಲ್ಲಿ ಸಸ್ಪೆನ್ಷನ್, ಹೆದ್ದಾರಿಯಲ್ಲಿ ಗೇರು, ಬ್ರೇಕು ಎಲ್ಲವೂ ಅರ್ಧ ಗಂಟೆಯಲ್ಲಿ ತಿಳಿಯುತ್ತವೆ. ದೇವರಾಯನದುರ್ಗದ ತಿರುವುಗಳಲ್ಲಿ ಓಡಿಸಿ ನೋಡುತ್ತೇನೆ ಎನ್ನುವವರನ್ನು ಮಾತ್ರ ವಿನಯದಿಂದ ತಡೆಯಿರಿ. ಅಪರಿಚಿತ ಗಾಡಿಯನ್ನು ಕಾಡಿನ ಕಿರಿದಾದ ರಸ್ತೆಯಲ್ಲಿ ಪರೀಕ್ಷಿಸುವ ಅಗತ್ಯವಿಲ್ಲ.

ಈ ಅರ್ಧ ಗಂಟೆಯಲ್ಲಿ ನೀವೂ ಅವರನ್ನು ಗಮನಿಸುತ್ತಿರಿ. ಟರ್ಬೊ ಎಂಜಿನ್‌ನ ಆಯಿಲ್ ಬಿಸಿಯಾಗುವವರೆಗೆ ಆಕ್ಸಿಲರೇಟರನ್ನು ಹಗುರವಾಗಿ ಒತ್ತುವವರು, ಜೋರಾಗಿ ಓಡಿಸಿ ನಿಲ್ಲಿಸಿದ ಮೇಲೆ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡುವವರು ನಿಜವಾದ ಗಿರಾಕಿಗಳು. ಸ್ಟಾರ್ಟ್ ಮಾಡಿದ ಕೂಡಲೇ ಸದ್ದು ಕೇಳಲೆಂದು ರೇಸ್ ಕೊಡುವ ಹುಡುಗರು ಸಾಮಾನ್ಯವಾಗಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಬೇಕೆನಿಸಿದವರು ತಮ್ಮ ಮೆಕ್ಯಾನಿಕ್‌ಗೆ ತೋರಿಸಿ, ಸ್ಕ್ಯಾನರ್ ಹಾಕಿಸಿ, ಲಿಫ್ಟ್ ಮೇಲೆ ಏರಿಸಿ ನೋಡಲಿ. ಖರ್ಚು ಅವರದು, ಜೊತೆಗೆ ನೀವಿರಿ.

ಹಣದ ವಿಷಯದಲ್ಲಿ ಒಂದೇ ಎಚ್ಚರಿಕೆ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ದಂಡ ಪಡೆದವರಿಗೇ ಬೀಳುತ್ತದೆ ಮತ್ತು ಅದು ಪಡೆದ ಮೊತ್ತದಷ್ಟೇ ಇರಬಹುದು. ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ಹಣ ಬಂದ ಸಂದೇಶವನ್ನು ನಂಬದೆ ಖಾತೆಯನ್ನೇ ತೆರೆದು ನೋಡಿದ ಬಳಿಕ ಕೀಲಿ ಕೊಡಿ.

ಹೆಸರು ಬದಲಾಗುವವರೆಗೆ ಗಾಡಿ ನಿಮ್ಮದೇ

ಹಲವು ವರ್ಷಗಳ ಹಿಂದೆ ನಾನು ಹಳೆಯ ಲ್ಯಾನ್ಸರ್ ಒಂದನ್ನು ಬ್ರೋಕರ್ ಮೂಲಕ ಮಾರಿದ್ದೆ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಇರುವಾಗಲೇ ಸಹಿ ಮಾಡಿ ಕೊಡುವುದು ಅಂದಿನ ರೂಢಿ, ಇಂದಿಗೂ ಹೋಗಿಲ್ಲ. ಒಂದೂವರೆ ವರ್ಷದ ನಂತರ ಬೇರೆ ಜಿಲ್ಲೆಯ ಠಾಣೆಯಿಂದ ಕರೆ ಬಂದಾಗ ಆ ಕಾರು ಮೂರು ಕೈ ಬದಲಾಗಿತ್ತು, ಆರ್‌ಸಿಯಲ್ಲಿ ಮಾತ್ರ ನಾನೇ ಇದ್ದೆ. ಕೊಟ್ಟ ದಿನ, ವೇಳೆ ಬರೆದ ಒಂದು ಚೀಟಿಯೂ ನನ್ನಲ್ಲಿರಲಿಲ್ಲ. ವಾಹನ ಮಾರಿದ್ದರೂ ಅಪಘಾತದ ವೇಳೆ ನೋಂದಣಿ ಯಾರ ಹೆಸರಿನಲ್ಲಿರುತ್ತದೋ ಅವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಪೋರ್ಟ್ಸ್ ಕಾರು ಮಾರುವವರು ಇದನ್ನು ಮರೆಯಬಾರದು, ಏಕೆಂದರೆ ಅದನ್ನು ಕೊಂಡವರು ನಿಧಾನವಾಗಿ ಓಡಿಸಲೆಂದು ಕೊಂಡಿರುವುದಿಲ್ಲ.

ಆದ್ದರಿಂದ ಈ ಕ್ರಮ ಪಾಲಿಸಿ. ಫಾರಂ 29 ಮತ್ತು 30ರಲ್ಲಿ ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆಯೇ ಸಹಿ ಮಾಡಿ, ಪ್ರತಿ ಇಟ್ಟುಕೊಳ್ಳಿ. ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸುವುದು ಮಾರಿದವರ ಕರ್ತವ್ಯ, 30 ದಿನಗಳೊಳಗೆ ತಿಳಿಸುವುದು ಕೊಂಡವರ ಕರ್ತವ್ಯ. ತುಮಕೂರಿನ ಕೆಎ-06 ಫಲಕದ ಗಾಡಿಯನ್ನು ಆಂಧ್ರದ ಹಿಂದೂಪುರ ಅಥವಾ ಮಡಕಶಿರಾದವರು ಕೇಳಿದರೆ ಫಾರಂ 28ರ ಮೂಲಕ ಎನ್‌ಒಸಿ ಪಡೆಯಬೇಕು, ಅಲ್ಲಿನ ತೆರಿಗೆ ಯಾರದೆಂಬುದು ಬೆಲೆ ಮಾತಾಡುವಾಗಲೇ ಇತ್ಯರ್ಥವಾಗಬೇಕು. ಸಾಧ್ಯವಾದರೆ ಆರ್‌ಟಿಒ ಕಚೇರಿಗೆ ಇಬ್ಬರೂ ಒಟ್ಟಿಗೆ ಹೋಗಿ. ಆರ್‌ಸಿಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಒಟಿಪಿ ಬರುವುದರಿಂದ ಹಳೆಯ ಸಂಖ್ಯೆಯಿದ್ದರೆ ಮೊದಲೇ ಬದಲಿಸಿರಬೇಕು.

ಗಾಡಿ ಕೊಡುವ ದಿನ ಡೆಲಿವರಿ ನೋಟ್ ಎರಡು ಪ್ರತಿ ಬರೆದು, ದಿನಾಂಕ, ಗಂಟೆ, ನಿಮಿಷ, ಓಡೋಮೀಟರ್ ಅಂಕಿ, ಪಡೆದ ಹಣ ನಮೂದಿಸಿ ಇಬ್ಬರೂ ಸಹಿ ಹಾಕಿ. ಕೊಳ್ಳುವವರು ರಾಹುಕಾಲ ನೋಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಡುವುದಾದರೆ ಅವರು ನಿಜವಾಗಿ ಹೊರಟ ಗಳಿಗೆಯನ್ನೇ ಬರೆಯಿರಿ. ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿನಲ್ಲಿ ಮುಚ್ಚಿಸಿ, ಇಲ್ಲವಾದರೆ ಅವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ. ವಿಮೆಯನ್ನು 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವಂತೆ ಕೊಂಡವರಿಗೆ ನೆನಪಿಸಿ. ಕ್ಲೇಮ್ ಮಾಡದ್ದಕ್ಕೆ ಸಿಗುವ, 50 ಪ್ರತಿಶತದವರೆಗಿನ ರಿಯಾಯಿತಿ ಗಾಡಿಯದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಅದರ ಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ ಬಳಸಬಹುದು. ಎರಡನೇ ಕೀಲಿ, ಮೂಲ ಬಿಲ್ಲುಗಳ ಕಡತ ಮತ್ತು ಇಷ್ಟು ವರ್ಷ ಗಾಡಿ ನೋಡಿಕೊಂಡ ಮೆಕ್ಯಾನಿಕ್‌ನ ಫೋನ್ ಸಂಖ್ಯೆ ಹೊಸ ಮಾಲೀಕರಿಗೆ ಹೋಗಲಿ. ಡೆಲಿವರಿ ನೋಟ್ ನಿಮ್ಮ ಬೀರುವಿನಲ್ಲೇ ಇರಲಿ.