ವಿಶೇಷಚೇತನ ಮಕ್ಕಳ ಕುದುರೆ ಸವಾರಿ: ಪಕ್ಕದಲ್ಲಿ ನಡೆಯುವುದು ಹೇಗೆ?

ಪುಣೆಯಲ್ಲಿರುವ ನಮ್ಮ ಕನ್ನಡದವರಲ್ಲಿ, ಭಾನುವಾರ ಏನಾದರೂ ಒಳ್ಳೆಯ ಕೆಲಸಕ್ಕೆ ಹೋಗಬೇಕು ಅನ್ನುವವರು ಸುಮಾರು ಜನ ಇದ್ದಾರೆ. ಕೇಳಿದವರನ್ನು ನಾನು ಊರಾಚೆಯ ಒಂದು ಕುದುರೆ ಲಾಯಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ವಿಶೇಷಚೇತನ ಮಕ್ಕಳಿಗೆ ಸವಾರಿ ಮಾಡಿಸುತ್ತಾರೆ. ಹೊಸದಾಗಿ ಬಂದವರೆಲ್ಲ ಒಂದೇ ತಪ್ಪು ಮಾಡುತ್ತಾರೆ: ಮಗುವನ್ನು ಗಟ್ಟಿಯಾಗಿ ಹಿಡಿದುಬಿಡುತ್ತಾರೆ. ನಾನೂ ಮಾಡಿದ್ದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಬಟ್ಟೆಬರೆ. ಬೆರಳು ಮುಚ್ಚುವ, ಜಾರದ ಶೂ ಹಾಕಿ. ಚಪ್ಪಲಿ ಬೇಡವೇ ಬೇಡ, ನಾನೂರು ಐನೂರು ಕಿಲೋ ತೂಗುವ ಪ್ರಾಣಿ ಅದು. ಹಾರಾಡುವ ದುಪಟ್ಟಾ, ದೊಡ್ಡ ಜುಮಕಿ ಮನೆಯಲ್ಲೇ ಇರಲಿ. ಮಳೆಗಾಲದಲ್ಲಿ ರೇನ್‌ಕೋಟ್ ತನ್ನಿ, ಕೊಡೆ ತರಬೇಡಿ. ಪಕ್ಕದಲ್ಲಿ ಪಟ್ಟಂತ ಕೊಡೆ ಬಿಚ್ಚಿದರೆ ಎಂಥ ಸಾಧು ಕುದುರೆಯೂ ಬೆಚ್ಚುತ್ತದೆ.

ಮಗುವಿಗೆ ಸ್ವಂತ ಹೆಲ್ಮೆಟ್ ಕೊಳ್ಳುವ ಅಪ್ಪ ಅಮ್ಮಂದಿರಿಗೂ ಇಲ್ಲೇ ಒಂದು ಮಾತು. ಸೈಕಲ್ ಹೆಲ್ಮೆಟ್ ಇದಕ್ಕೆ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ವೆಲ್ವೆಟ್ ಹೊದಿಸಿದ ಟೋಪಿಗಳಂತೂ ಬರೀ ಚೆಂದಕ್ಕೆ. ಒಳಗಡೆ ಎಎಸ್‌ಟಿಎಂ ಎಫ್1163 ಅಥವಾ ಇಎನ್ 1384 ಅಂತ ಇದೆಯಾ ನೋಡಿ, ಇವು ಸವಾರಿ ಹೆಲ್ಮೆಟ್‌ಗಳ ಸುರಕ್ಷತಾ ಮಾನದಂಡಗಳು. ಇಲ್ಲದಿದ್ದರೆ ವಾಪಸ್ ಕಳಿಸಿ.

ಕುದುರೆಯ ಹತ್ತಿರ ಅದರ ಹೆಗಲ ಕಡೆಯಿಂದ ಹೋಗಿ, ಮಾತಾಡಿಸುತ್ತಾ. ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ನಿಂತವರು ಅದಕ್ಕೆ ಕಾಣುವುದಿಲ್ಲ. ಉಳಿದದ್ದನ್ನು ಲಾಯದ ಕಾಕಾ ಹೇಳಿಕೊಡುತ್ತಾರೆ.

ಒಂದು ಮಗುವಿಗೆ ಸಾಮಾನ್ಯವಾಗಿ ಮೂವರು ಬೇಕು. ಒಬ್ಬರು ಹಗ್ಗ ಹಿಡಿದು ಕುದುರೆ ನಡೆಸುತ್ತಾರೆ, ಇಬ್ಬರು ಎಡಬಲಕ್ಕೆ ಇರುತ್ತಾರೆ. ಮೊದಲ ಒಂದೆರಡು ತಿಂಗಳು ಹಗ್ಗ ಕೇಳಲೇಬೇಡಿ. ಎಂದಾದರೂ ಕೈಗೆ ಬಂದರೆ ಅದನ್ನು ಕೈಗೆ ಸುತ್ತಿಕೊಳ್ಳಬೇಡಿ, ಕುದುರೆ ಒಮ್ಮೆ ಜಗ್ಗಿದರೆ ಬೆರಳು ಉಳಿಯುವುದಿಲ್ಲ.

ಹತ್ತಿಸುವಾಗ ತರಬೇತುದಾರರು ಹೇಳಿದಷ್ಟೇ ಮಾಡಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲ ಇರುತ್ತದೆ, ಅವರಿಗೆ ಸವಾರಿಯೇ ಅಪಾಯ. ಹಾಗಾಗಿ ವೈದ್ಯರ ಚೀಟಿ ಇಲ್ಲದೆ ಯಾರನ್ನೂ ಹತ್ತಿಸುವ ಹಾಗಿಲ್ಲ. "ಒಂದೇ ಒಂದು ಸುತ್ತು" ಅಂತ ಅಮ್ಮಂದಿರು ಕೇಳುತ್ತಾರೆ, ಮನಸ್ಸು ಕರಗುತ್ತದೆ. ಆದರೂ ಹೂಂ ಅನ್ನಬೇಡಿ.

ಇನ್ನು ಪಕ್ಕದಲ್ಲಿ ನಡೆಯುವುದು. ಮಗುವಿನ ಮೊಣಕಾಲಿನ ನೇರಕ್ಕೆ ನಡೆಯಿರಿ, ಮುಖ ಮುಂದಕ್ಕಿರಲಿ. ಕುದುರೆಯ ಕಡೆಗಿರುವ ಕೈಯನ್ನು ಮಗುವಿನ ತೊಡೆಯ ಮೇಲೆ ಅಡ್ಡಲಾಗಿ ಇಟ್ಟು, ಬೆರಳುಗಳಿಂದ ಜೀನಿನ ಮುಂಭಾಗ ಹಿಡಿಯಿರಿ. ಕೈಯ ಭಾರ ಎಷ್ಟಿದೆಯೋ ಅಷ್ಟೇ ತೊಡೆಯ ಮೇಲೆ ಬೀಳಬೇಕು, ಅದಕ್ಕಿಂತ ಜಾಸ್ತಿ ಒತ್ತಬೇಡಿ. ಮೊಣಕೈ ಕುದುರೆಯ ಬೆನ್ನಿಗೆ ಚುಚ್ಚಬಾರದು. ಮಗುವಿನ ಕಾಲನ್ನು ಕೆಳಕ್ಕೆ ಎಳೆಯಬಾರದು. ಎಡಗಡೆಯವರ ಕೈ ಎಷ್ಟು ಹಗುರವೋ ಬಲಗಡೆಯವರದ್ದೂ ಅಷ್ಟೇ ಇರಬೇಕು. ಒಂದು ಕಡೆ ಜಾಸ್ತಿಯಾದರೆ ಮಗು ಆ ಕಡೆ ವಾಲುತ್ತದೆ, ಅದನ್ನು ನೋಡಿ ಇನ್ನೊಬ್ಬರು ತಮ್ಮ ಕಡೆ ಎಳೆಯುತ್ತಾರೆ, ಕೊನೆಗೆ ಮಗುವೇ ಹಗ್ಗಜಗ್ಗಾಟದ ಹಗ್ಗ ಆಗಿಬಿಡುತ್ತದೆ. ಸ್ವಲ್ಪ ಚೆನ್ನಾಗಿ ಕೂರಲು ಬರುವ ಮಕ್ಕಳಿಗೆ ಕಾಲಿನ ಹರಡನ್ನು ಮೆಲ್ಲಗೆ ಹಿಡಿದರೂ ಸಾಕು. ಯಾವ ಮಗುವಿಗೆ ಯಾವ ಹಿಡಿತ ಅಂತ ಹೇಳುವವರು ತರಬೇತುದಾರರು.

ಸೊಂಟಕ್ಕೆ ಮಾತ್ರ ನೀವಾಗಿಯೇ ಕೈ ಹಾಕಬೇಡಿ. ಕುದುರೆ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಆಡುತ್ತದೆ, ಒಂಚೂರು ತಿರುಗುತ್ತದೆ ಕೂಡ. ನಾವು ನಡೆಯುವಾಗ ನಮ್ಮ ಸೊಂಟ ಆಡುವುದೂ ಹೆಚ್ಚುಕಡಿಮೆ ಹೀಗೇ. ಪ್ರತಿ ಹೆಜ್ಜೆಗೂ ಮಗುವಿನ ಮೈ ವಾಲುತ್ತದೆ, ಬೆನ್ನು ಹೊಟ್ಟೆಯ ಸ್ನಾಯುಗಳು ಅದನ್ನು ನೆಟ್ಟಗೆ ಮಾಡುತ್ತವೆ. ಮಕ್ಕಳು ಬರುವುದೇ ಈ ಕಸರತ್ತಿಗೆ. ನೀವು ಸೊಂಟ ಹಿಡಿದರೆ ಆ ಕೆಲಸವನ್ನೆಲ್ಲ ನಿಮ್ಮ ಕೈ ಮಾಡುತ್ತದೆ, ಮಗು ಸುಮ್ನೆ ಕೂತಿರುತ್ತದೆ.

ನನಗೆ ಇದು ಅರ್ಥವಾಗಿದ್ದು ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದ ಎಂಟು ವರ್ಷದ ಹುಡುಗನಿಂದ. ನಾನು ಅವನ ಸೊಂಟವನ್ನು ಬಿಗಿಯಾಗಿ ಹಿಡಿದು ನಡೆಯುತ್ತಿದ್ದೆ. ಅವನ ಅಮ್ಮ ವಿಜಯಪುರದ ಕಡೆಯವರು, ಬೇಲಿಯ ಆಚೆ ನಿಂತಿದ್ದವರು ಕೂಗಿ ಹೇಳಿದರು, "ಬಿಡ್ರಿ ಅಕ್ಕಾರ, ತಾನ ಕುಂದ್ರತಾನ." ತರಬೇತುದಾರರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಅವನ ತೊಡೆಯ ಮೇಲಿಟ್ಟರು. ಹುಡುಗ ಎಡಕ್ಕೆ ವಾಲಿದ. ನನ್ನ ಎದೆ ಧಸಕ್ಕೆಂದಿತು. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಅವನ ಅಂಗಿಯ ಬೆನ್ನಿನ ಸುಕ್ಕು ಬಿಚ್ಚಿಕೊಂಡಿತು, ತಲೆ ಮೇಲೆ ಬಂತು. ಎರಡೂ ಅಂಗೈ ಕುದುರೆಯ ಕುತ್ತಿಗೆಯ ಬುಡದಲ್ಲಿ ಊರಿ ಕೂತ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗೆ ಪೋಲಿಯೊದಿಂದ ಮೊಣಕಾಲಿನ ಕೆಳಗೆ ಶಕ್ತಿ ಇರಲಿಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರ ಸಹಾಯ ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರು ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯನ್ನು ಸವಾರರ ಸೂಚನೆಯಂತೆ ಲಯಬದ್ಧವಾಗಿ ನಡೆಸುವ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು. ಹತ್ತಿಸಿದವರು ಬೇರೆಯವರು, ಸವಾರಿ ಅವರದ್ದೇ. ನಾನು ಹೊಸಬರಿಗೆ ಈ ಉದಾಹರಣೆಯನ್ನೇ ಕೊಡುತ್ತೇನೆ.

ಮಾತಿನ ವಿಷಯ. ಮಗುವಿನ ಜೊತೆ ಒಬ್ಬರೇ ಮಾತಾಡಿ. ಇಬ್ಬರೂ ಎರಡು ಕಡೆಯಿಂದ "ನೆಟ್ಟಗೆ ಕೂರು, ಅಲ್ಲಿ ನೋಡು" ಅಂದರೆ ಅದು ಯಾರ ಮಾತು ಕೇಳಬೇಕು? ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ಉತ್ತರ ಬರುತ್ತದೆ, ತಡವಾಗಿ ಬರುತ್ತದೆ ಅಷ್ಟೇ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕುದುರೆಗೋ ಕಾಕಾ ಹೇಳುವ "ಚಲ್" (ನಡೆ), "ಥಾಂಬ್" (ನಿಲ್ಲು) ಎರಡೇ ಗೊತ್ತು. ಹಾಗಾಗಿ ಆ ಎರಡು ಪದಗಳನ್ನೇ ಮಗುವಿಗೆ ಕಲಿಸಿ. ತಾನು ಹೇಳಿದ್ದಕ್ಕೆ ಕುದುರೆ ನಿಂತಿತು ಅಂತ ಗೊತ್ತಾದಾಗ ಅದರ ಮುಖ ನೋಡಬೇಕು. ಇನ್ನೊಬ್ಬ ಸ್ವಯಂಸೇವಕರ ಜೊತೆ ಹರಟೆ, ಫೋನು, ಫೋಟೊ ಎಲ್ಲ ಆಮೇಲೆ.

ಕೈ ನೋಯುತ್ತದೆ, ಹತ್ತು ನಿಮಿಷಕ್ಕೇ ನೋಯುತ್ತದೆ. ತಡೆದುಕೊಂಡು ನಡೆಯಬೇಡಿ, ಹೇಳಿ. ಕುದುರೆ ನಿಲ್ಲಿಸಿ, ಒಬ್ಬರಾದ ಮೇಲೆ ಒಬ್ಬರು ಜಾಗ ಬದಲಿಸಿ. ಇಬ್ಬರೂ ಒಟ್ಟಿಗೆ ಕೈ ಬಿಡುವ ಹಾಗಿಲ್ಲ.

ಕುದುರೆ ಬೆಚ್ಚಿದರೆ? ಗಣಪತಿ ಹಬ್ಬಕ್ಕೆ ಮುಂಚೆ ಪುಣೆಯಲ್ಲಿ ಎಲ್ಲೆಲ್ಲೂ ಢೋಲ್ ತಾಷಾ ಅಭ್ಯಾಸ ನಡೆಯುತ್ತದಲ್ವಾ, ಆ ವಾರಗಳಲ್ಲಿ ಇದು ಆಗಿಯೇ ಆಗುತ್ತದೆ. ನಾವು ಆಗ ಬೆಳಗಿನ ಹೊತ್ತು ಮಾತ್ರ ಸವಾರಿ ಇಟ್ಟುಕೊಳ್ಳುತ್ತೇವೆ. ಬೆಚ್ಚಿದ ಗಳಿಗೆಯಲ್ಲಿ ಹಗ್ಗ ಹಿಡಿದವರು ಕುದುರೆ ನೋಡಿಕೊಳ್ಳುತ್ತಾರೆ. ನೀವು ತೊಡೆಯ ಮೇಲಿನ ಕೈಯನ್ನು ಆಗ ಮಾತ್ರ ಬಿಗಿಯಾಗಿ ಒತ್ತಿ, ಜೀನು ಬಿಡದೆ, ಕುದುರೆಯ ಜೊತೆಗೇ ಹೋಗಿ. ಕಿರುಚಬೇಡಿ. ಹೆದರಿ ಮಗುವನ್ನು ನೀವಾಗಿಯೇ ಕೆಳಕ್ಕೆ ಎಳೆಯಬೇಡಿ. ಅದರ ಪಾದ ಕಾಲೂರುವ ರಿಕಾಪಿನಲ್ಲಿ ಸಿಕ್ಕಿಕೊಂಡಿರಬಹುದು, ಆಚೆ ಕಡೆಯವರು ಇನ್ನೂ ಹಿಡಿದಿರಬಹುದು. ಇಳಿಸಿ ಅಂತ ತರಬೇತುದಾರರು ಹೇಳಿದಾಗ ಮೊದಲು ಎರಡೂ ಪಾದ ಬಿಡಿಸಿ, ಆಮೇಲೆ ಅವರು ಹೇಳಿದ ಕಡೆಗೆ ಇಳಿಸಿ. ಇದನ್ನು ಖಾಲಿ ನಿಂತ ಕುದುರೆಯ ಮೇಲೆ ಒಬ್ಬ ದೊಡ್ಡವರನ್ನು ಕೂರಿಸಿ ನಾಲ್ಕು ಸಲ ಮಾಡಿ ನೋಡದೆ ಮಗುವಿನ ಪಕ್ಕ ನಿಲ್ಲಬೇಡಿ.

ಮುಗಿದ ಮೇಲೆ ಕ್ಯಾರೆಟ್ ಕೊಡಬೇಕಾದರೆ ಕಾಕಾನನ್ನು ಕೇಳಿ, ಅಂಗೈ ಚಪ್ಪಟೆ ಮಾಡಿ ಕೊಡಿ. ಮುಂದಿನ ಭಾನುವಾರ ಬರಲಾಗದಿದ್ದರೆ ಗುರುವಾರದೊಳಗೇ ತಿಳಿಸಿಬಿಡಿ. ಮೂವರಲ್ಲಿ ಒಬ್ಬರು ಕಡಿಮೆಯಾದರೂ ಆ ದಿನ ಒಂದು ಮಗು ಹೆಲ್ಮೆಟ್ ಹಾಕಿಕೊಂಡು ಬೇಲಿಯ ಪಕ್ಕ ಕೂತೇ ಇರಬೇಕಾಗುತ್ತದೆ.